ಐ7 ಹಾಕಿಸ್ಲಾ, ಐ5 ಸಾಕಾ? ದುಬಾರಿ ಪ್ರೊಸೆಸರ್‌ಗೆ ದುಡ್ಡು ಕೊಡುವ ಮುಂಚೆ

ನಮ್ಮಕ್ಕನ ಮಗ ಹಾಸನದಲ್ಲಿ ಮದುವೆ ವಿಡಿಯೊ ಮಾಡುತ್ತಾನೆ. 2025ರ ದಸರಾ ಮುಗಿದ ವಾರ ಬೆಂಗಳೂರಿಗೆ ಬಂದವನು ಕಂಪ್ಯೂಟರ್ ಅಂಗಡಿಗಳಿರುವ ಎಸ್.ಪಿ. ರೋಡಿನಲ್ಲಿ ಒಂದು ಕೊಟೇಶನ್ ಬರೆಸಿಕೊಂಡು ಸೀದಾ ನಮ್ಮ ಮನೆಗೆ ಬಂದ. ತುಳಸಿ ಹಬ್ಬ ಆದರೆ ಮದುವೆ ಸೀಸನ್ ಶುರು. ಅಷ್ಟರೊಳಗೆ ಹೊಸ ಕಂಪ್ಯೂಟರ್ ಆಗಬೇಕು. ಕೊಟೇಶನ್ನಿನ ಮೊದಲ ಸಾಲೇ ಕೋರ್ ಐ7-14700ಕೆಎಫ್. ಇದು ಇಂಟೆಲ್ ಕಂಪನಿಯ ಪ್ರೊಸೆಸರ್, ಅಂದರೆ ಕಂಪ್ಯೂಟರಿನ ಮಿದುಳು. ಐ3, ಐ5, ಐ7, ಐ9 ಅನ್ನುವುದು ಅದರ ದರ್ಜೆಗಳು. ಬೆಲೆಗೆ ಪೆನ್ನಿನಲ್ಲಿ ಎರಡು ಸುತ್ತು ಹಾಕಿದ್ದ.

"ಮಾಮ, ಇದನ್ನೇ ಹಾಕಿಸ್ಲಾ? ಐ5 ತಗೊಂಡ್ರೆ ಎರಡು ವರ್ಷಕ್ಕೆ ಸ್ಲೋ ಆಗುತ್ತೆ ಅಂತಾರೆ ಅಂಗಡಿಯವರು."

"ಈಗಿನ ಕಂಪ್ಯೂಟರ್ ಎಲ್ಲಿ ಸ್ಲೋ?" ಎಂದೆ.

"ಎಲ್ಲಾ ಕಡೆ."

ಈ ಉತ್ತರ ಕೊಟ್ಟವರಿಗೆ ಯಾವ ಬೆಲೆಯ ಪ್ರೊಸೆಸರನ್ನಾದರೂ ಮಾರಬಹುದು. ಹಾಗಾಗಿ ಕೊಟೇಶನ್ ಮಡಚಿಟ್ಟು ಅವನ ಕೈಗೆ ಒಂದು ಖಾಲಿ ಹಾಳೆ ಕೊಟ್ಟೆ. ನೀವೂ ಅಲ್ಲಿಂದಲೇ ಶುರು ಮಾಡಿ.

ಹೆಜ್ಜೆ 1: ಕಾಯುವ ಹೊತ್ತನ್ನು ಒಂದು ವಾರ ಬರೆದಿಡಿ

ಕಂಪ್ಯೂಟರ್ ಮುಂದೆ ಕೈಕಟ್ಟಿ ಕೂತಾಗಲೆಲ್ಲ ಮೂರು ವಿಷಯ ಬರೆಯಿರಿ. ಯಾವ ಕೆಲಸ, ಎಷ್ಟು ನಿಮಿಷ, ಆ ಹೊತ್ತಿನಲ್ಲಿ ನೀವು ಏನು ಮಾಡುತ್ತಿದ್ದಿರಿ. ಮೂರನೆಯದನ್ನು ಜನ ಬಿಟ್ಟುಬಿಡುತ್ತಾರೆ, ಬಿಡಬೇಡಿ. ಮೊಬೈಲಿನ ಸ್ಟಾಪ್‌ವಾಚ್ ಸಾಕು.

ವಾರ ಕಳೆದ ಮೇಲೆ ನಮ್ಮ ಹುಡುಗ ಹಾಳೆಯ ಫೋಟೊ ಕಳಿಸಿದ. ಇದ್ದದ್ದು ಮೂರೇ ಸಂಗತಿ. ಕ್ಯಾಮೆರಾದ 128 ಜಿಬಿ ಕಾರ್ಡನ್ನು ಕಂಪ್ಯೂಟರ್‌ಗೆ ಇಳಿಸಲು ಒಂದು ಗಂಟೆ. ಎಕ್ಸ್‌ಪೋರ್ಟ್‌ಗೆ, ಅಂದರೆ ಎಡಿಟ್ ಆದ ವಿಡಿಯೊವನ್ನು ಕೊನೆಯ ಫೈಲ್ ಮಾಡಲು, ಒಂದೂವರೆ ಗಂಟೆ, ಪಕ್ಕದಲ್ಲಿ 'ರಾತ್ರಿ ಹಾಕಿ ಮಲಗಿದೆ'. ಕೊನೆಯದು, ಎಡಿಟ್ ಮಾಡುವಾಗ ವಿಡಿಯೊ ಜಗ್ಗಿ ಜಗ್ಗಿ ಓಡುವುದು. ಅದಕ್ಕೆ ನಿಮಿಷದ ಲೆಕ್ಕವೇ ಇರಲಿಲ್ಲ. 'ದಿನವಿಡೀ, ತಲೆ ಕೆಡುತ್ತೆ' ಎಂದಷ್ಟೇ ಬರೆದಿದ್ದ.

ಕಾರ್ಡ್ ಇಳಿಸುವುದಕ್ಕೂ ಪ್ರೊಸೆಸರ್‌ಗೂ ಸಂಬಂಧವೇ ಇಲ್ಲ. ಅವನದು ಹಳೆಯ ಯುಎಸ್‌ಬಿ 2 ರೀಡರ್. ಅದರಲ್ಲಿ ಸೆಕೆಂಡಿಗೆ 35 ಎಂಬಿ ಬಂದರೆ ಹೆಚ್ಚು. 128 ಜಿಬಿಗೆ ಒಂದು ಗಂಟೆ ಹಿಡಿಯಲೇಬೇಕು. ಕಾರ್ಡೋ 90 ಎಂಬಿ ಕೊಡುವಂಥದ್ದು. ಯುಎಸ್‌ಬಿ 3 ರೀಡರ್ ತಂದ, 25 ನಿಮಿಷಕ್ಕೆ ಇಳಿಯಿತು. ಐ9 ತಂದು ಹಳೆಯ ರೀಡರನ್ನೇ ಚುಚ್ಚಿದ್ದರೂ ಆ ಒಂದು ಗಂಟೆ ಹಾಗೇ ಇರುತ್ತಿತ್ತು.

ಎಕ್ಸ್‌ಪೋರ್ಟ್ ನಡೆಯುವಾಗ ಅವನು ನಿದ್ದೆಯಲ್ಲಿರುತ್ತಾನೆ. ಒಂದೂವರೆ ಗಂಟೆ ಮುಕ್ಕಾಲು ಗಂಟೆಗೆ ಇಳಿದರೂ ಏಳುವುದು ಬೆಳಗ್ಗೆ ಆರಕ್ಕೇ. ಅಲ್ಲಿಗೆ ಉಳಿದದ್ದು ಜಗ್ಗುವ ವಿಡಿಯೊ ಒಂದೇ. ದುಡ್ಡು ಹಾಕಬೇಕಾದ್ದು ಅದಕ್ಕೆ.

ಹೆಜ್ಜೆ 2: ಕಾಯಿಸುತ್ತಿರುವುದು ಯಾರು, ಹಿಡಿಯಿರಿ

ನಿಧಾನವಾದ ಕೆಲಸ ನಡೆಯುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಭಾಗಕ್ಕೆ ಹೋಗಿ. ಸಿಪಿಯು (ಅಂದರೆ ಪ್ರೊಸೆಸರ್), ಮೆಮೊರಿ, ಡಿಸ್ಕ್, ಜಿಪಿಯು (ಗ್ರಾಫಿಕ್ಸ್ ಚಿಪ್) ಒಂದರ ಕೆಳಗೊಂದು, ಶೇಕಡ ಲೆಕ್ಕದಲ್ಲಿ ಕಾಣುತ್ತವೆ.

ಡಿಸ್ಕ್ 100ರಲ್ಲೇ ಕಚ್ಚಿಕೊಂಡಿದ್ದರೆ ನಿಮಗೆ ಬೇಕಾದ್ದು ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್. ಇವತ್ತಿಗೂ ಎಷ್ಟೋ ಆಫೀಸುಗಳಲ್ಲಿ ಟ್ಯಾಲಿ ಓಡುವುದು ತಿರುಗುವ ಹಾರ್ಡ್‌ಡಿಸ್ಕ್ ಮೇಲೆ. ಮೆಮೊರಿ 90 ದಾಟಿದ್ದರೆ ರ‍್ಯಾಮ್ ಹಾಕಿಸಿ. ಇವೆರಡಕ್ಕೂ ಪ್ರೊಸೆಸರ್ ಬದಲಿಸುವುದು ಪಂಕ್ಚರ್ ಆದ ಗಾಡಿಯ ಇಂಜಿನ್ ಬಿಚ್ಚಿದ ಹಾಗೆ.

ಸಿಪಿಯು ಅಂಕಿ ಓದುವಾಗ ಮಾತ್ರ ಸ್ವಲ್ಪ ಹುಷಾರು. ನಮ್ಮ ಭಾವ ಸೊಸೈಟಿ ಲೆಕ್ಕಕ್ಕೆ ಎಕ್ಸೆಲ್‌ನಲ್ಲಿ ಒಂದು ಮ್ಯಾಕ್ರೊ (ತಾನಾಗಿ ಓಡುವ ಆಜ್ಞೆಗಳ ಸರಣಿ) ಇಟ್ಟುಕೊಂಡಿದ್ದಾರೆ. ಓಡಿಸಿದರೆ ನಾಲ್ಕು ನಿಮಿಷ ಪರದೆ ಅಲುಗಾಡುವುದಿಲ್ಲ. ಟಾಸ್ಕ್ ಮ್ಯಾನೇಜರ್ ನೋಡಿದರೆ ಸಿಪಿಯು ಬರೀ 9. "ನೋಡಪ್ಪಾ, ಪ್ರೊಸೆಸರ್ ಆರಾಮಾಗಿದೆ" ಎಂದರು. ಆರಾಮಾಗಿ ಇರಲಿಲ್ಲ. ಅವರದು 6 ಕೋರ್, 12 ಥ್ರೆಡ್. ಕೋರ್ ಅಂದರೆ ಪ್ರೊಸೆಸರ್ ಒಳಗೆ ಕೆಲಸ ಮಾಡುವ ಘಟಕ, ಥ್ರೆಡ್ ಅಂದರೆ ಅದು ಒಟ್ಟಿಗೆ ನಡೆಸುವ ಕೆಲಸದ ಸಾಲು. ಮ್ಯಾಕ್ರೊ ಓಡುವುದು ಒಂದೇ ಥ್ರೆಡ್‌ನಲ್ಲಿ. 100ನ್ನು 12ರಿಂದ ಭಾಗಿಸಿ, 8.3 ಬರುತ್ತದೆ. ಹನ್ನೆರಡು ಆಳುಗಳಲ್ಲಿ ಒಬ್ಬ ಬೆವರು ಸುರಿಸುತ್ತಿದ್ದಾನೆ, ಹನ್ನೊಂದು ಜನ ಬೀಡಿ ಸೇದುತ್ತಾ ಕೂತಿದ್ದಾರೆ. ಅಂಥವರಿಗೆ 8 ಕೋರ್ ಕೊಡಿಸಿದರೆ ಬೀಡಿ ಸೇದುವವರ ಸಂಖ್ಯೆ ಜಾಸ್ತಿಯಾಗುತ್ತದೆ, ಅಷ್ಟೇ. ಆ ಒಬ್ಬ ಆಳು ಚುರುಕಾಗಬೇಕು. ಅಂದರೆ ಒಂದೊಂದು ಕೋರೂ ವೇಗವಾಗಿರುವ ಹೊಸ ಪೀಳಿಗೆಯ ಪ್ರೊಸೆಸರ್ ಬೇಕು. ಅದು ಐ3 ಆದರೂ ಆದೀತು.

ಗ್ರಾಫನ್ನು ಕೋರ್‌ಗಳಾಗಿ ಬಿಡಿಸಿ ನೋಡಿದರೂ ಕೆಲವೊಮ್ಮೆ ಯಾವುದೂ 100 ಮುಟ್ಟಿರುವುದಿಲ್ಲ. ವಿಂಡೋಸ್ ಆ ಒಂದೇ ಕೆಲಸವನ್ನು ಕೋರಿನಿಂದ ಕೋರಿಗೆ ದಾಟಿಸುತ್ತಾ ಇರುತ್ತದೆ, ಅದಕ್ಕೆ. ಒಟ್ಟು ಅಂಕಿ ಈ 8.3ರಂಥ ಜಾಗದಲ್ಲಿ ಜಪ್ಪಯ್ಯ ಅಂದರೂ ಕದಲದೆ ನಿಂತಿದ್ದರೆ ಅದೇ ಗುರುತು.

ಗೇಮ್ ಆಡುವವರಿಗೆ ಇನ್ನೂ ಸುಲಭದ ಪರೀಕ್ಷೆ ಇದೆ. ಗೇಮಿನ ರೆಸಲ್ಯೂಶನ್ ಇಳಿಸಿ, ಗ್ರಾಫಿಕ್ಸ್ ಸೆಟ್ಟಿಂಗನ್ನೂ ತೀರಾ ಕೆಳಕ್ಕೆ ತನ್ನಿ. ಎಫ್‌ಪಿಎಸ್ (ಸೆಕೆಂಡಿಗೆ ಪರದೆಯಲ್ಲಿ ಮೂಡುವ ಚಿತ್ರಗಳ ಸಂಖ್ಯೆ) ಧಡಕ್ಕನೆ ಏರಿದರೆ ಇಷ್ಟು ದಿನ ತಡೆಯುತ್ತಿದ್ದದ್ದು ಗ್ರಾಫಿಕ್ಸ್ ಕಾರ್ಡ್. ಏನೂ ಬದಲಾಗದಿದ್ದರೆ ತಪ್ಪು ಪ್ರೊಸೆಸರ್‌ದು. ಐದು ನಿಮಿಷದ ಕೆಲಸ, ಒಂದು ಪೈಸೆ ಖರ್ಚಿಲ್ಲ. ಆದರೂ ಇದನ್ನು ಮಾಡದೆ ಹದಿನೈದು ಸಾವಿರ ಸುರಿದವರನ್ನು ನಾನು ನೋಡಿದ್ದೇನೆ.

ನಮ್ಮ ಹುಡುಗನ ಕಡೆಗೆ ಬರೋಣ. ಅವನ ಕಂಪ್ಯೂಟರ್ 2017ರ ಕಾಲದ ಐ5-7400, 4 ಕೋರ್. ಗ್ರಾಫಿಕ್ಸ್ ಕಾರ್ಡ್ ಮಾತ್ರ ಆಮೇಲೆ ಹಾಕಿಸಿದ ಆರ್‌ಟಿಎಕ್ಸ್ 3060. ಕ್ಯಾಮೆರಾದ ಕ್ಲಿಪ್ ಅನ್ನು ಪ್ರೀಮಿಯರ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಓಡಿಸಿದರೆ ಸಿಪಿಯು 100ಕ್ಕೆ ಹಾರುತ್ತಿತ್ತು. ಡ್ರೋನ್‌ನ ಕ್ಲಿಪ್ ಮಾತ್ರ ಅದೇ ಕಂಪ್ಯೂಟರ್‌ನಲ್ಲಿ ಸಲೀಸಾಗಿ ಓಡುತ್ತಿತ್ತು! ಎರಡೂ 4ಕೆ ವಿಡಿಯೊನೇ. ಈ ವ್ಯತ್ಯಾಸ ಯಾಕೆ ಅನ್ನುವುದರಲ್ಲೇ ಅವನ ಪ್ರಶ್ನೆಗೆ ಉತ್ತರ ಇತ್ತು.

ಹೆಜ್ಜೆ 3: ಪ್ರೊಸೆಸರ್‌ನಲ್ಲಿ ನಿಮಗೆ ಬೇಕಾದ್ದು ಯಾವುದು?

ದುಬಾರಿ ಪ್ರೊಸೆಸರ್‌ನಲ್ಲಿ ನೀವು ಕೊಳ್ಳುವುದು ನಾಲ್ಕರಲ್ಲಿ ಒಂದನ್ನು. ಹೆಚ್ಚು ಕೋರ್, ಹೆಚ್ಚು ವೇಗ, ಹೆಚ್ಚು ಕ್ಯಾಶ್ (ಪ್ರೊಸೆಸರ್ ಒಳಗಿನ ಚುರುಕು ಮೆಮೊರಿ) ಅಥವಾ ಒಳಗೇ ಇರುವ ಗ್ರಾಫಿಕ್ಸ್. ಡಬ್ಬದ ಮೇಲಿನ ಐ5, ಐ7 ಅನ್ನುವ ಅಂಕಿ ಇದರಲ್ಲಿ ಯಾವುದು ನಿಮಗೆ ಸಿಗುತ್ತಿದೆ ಎಂದು ಹೇಳುವುದಿಲ್ಲ.

ಕೋರ್ ವಿಷಯಕ್ಕೆ, ಹಬ್ಬದ ದಿನ ಹೋಳಿಗೆ ಮಾಡುವುದನ್ನು ನೆನೆಸಿಕೊಳ್ಳಿ. ಬೇಳೆ ಬೇಯಬೇಕು, ಕಣಕ ನೆನೆಯಬೇಕು, ಹೂರಣ ರುಬ್ಬಬೇಕು. ಅಲ್ಲಿಯವರೆಗೆ ಅಡುಗೆಮನೆಯಲ್ಲಿ ಹತ್ತು ಜನ ಇದ್ದರೂ ಒಂದೇ, ಇಬ್ಬರಿದ್ದರೂ ಒಂದೇ. ತಟ್ಟಲು ಕೂತ ಮೇಲೆ ಮಾತ್ರ ಕೈ ಜಾಸ್ತಿ ಇದ್ದಷ್ಟೂ ಬೇಗ. ಕೋರ್‌ಗಳು ತಟ್ಟುವ ಕೈಗಳು. 1967ರಲ್ಲಿ ಐಬಿಎಂನಲ್ಲಿದ್ದ ಜೀನ್ ಆಮ್ಡಾಲ್ ಈ ಮಾತನ್ನು ಕಂಪ್ಯೂಟರ್ ಬಗ್ಗೆ ಹೇಳಿದರು. ಅದು ಈಗಲೂ ಅವರ ಹೆಸರಿನ ನಿಯಮವಾಗಿಯೇ ಉಳಿದಿದೆ.

ಲೆಕ್ಕ ಹಾಕಿ ನೋಡೋಣ. ಒಂದು ಕೋರ್‌ಗೆ 100 ನಿಮಿಷ ಹಿಡಿಯುವ ಕೆಲಸ. ಅದರಲ್ಲಿ 75 ನಿಮಿಷದ್ದನ್ನು ಹಂಚಬಹುದು, 25 ನಿಮಿಷದ್ದನ್ನು ಆಗುವುದಿಲ್ಲ. 6 ಕೋರ್ ಇದ್ದರೆ 25ಕ್ಕೆ 12.5 ಸೇರಿ 37.5 ನಿಮಿಷ. 8 ಕೋರ್ ಇದ್ದರೆ 34.4. ಮೂರನೇ ಒಂದರಷ್ಟು ಕೋರ್ ಜಾಸ್ತಿ, ಉಳಿದದ್ದು ಮೂರು ನಿಮಿಷ! ಅದೇ 100ರಲ್ಲಿ 95 ನಿಮಿಷದ ಕೆಲಸ ಹಂಚುವಂಥದ್ದಾದರೆ 20.8 ನಿಮಿಷ 16.9ಕ್ಕೆ ಇಳಿಯುತ್ತದೆ. ಆಗ ಕೋರ್‌ಗೆ ಕೊಟ್ಟ ದುಡ್ಡು ಕೆಲಸ ಮಾಡುತ್ತಿದೆ ಅನ್ನಬಹುದು.

ಬ್ಲೆಂಡರ್‌ನಲ್ಲಿ ಪ್ರೊಸೆಸರ್ ಮೇಲೆ ರೆಂಡರ್ ಮಾಡುವುದು (3ಡಿ ದೃಶ್ಯವನ್ನು ಚಿತ್ರವಾಗಿಸುವುದು), ದೊಡ್ಡ ಪ್ರಾಜೆಕ್ಟ್ ಕಂಪೈಲ್ ಮಾಡುವುದು, ಹ್ಯಾಂಡ್‌ಬ್ರೇಕ್‌ನಲ್ಲಿ ವಿಡಿಯೊ ಕುಗ್ಗಿಸುವುದು, ಒಂದೇ ಸಲಕ್ಕೆ ಮೂರ್ನಾಲ್ಕು ವರ್ಚುವಲ್ ಮಷೀನ್ ಎಬ್ಬಿಸುವುದು, ಇವೆಲ್ಲ ಹೋಳಿಗೆ ತಟ್ಟುವ ಕೆಲಸಗಳು. ಆಟೋಕ್ಯಾಡ್‌ನಲ್ಲಿ ಗೆರೆ ಎಳೆಯುವುದು, ಎಕ್ಸೆಲ್ ಮ್ಯಾಕ್ರೊ, ಡಿಟಿಪಿ ಅಂಗಡಿಯ ಕೋರೆಲ್‌ಡ್ರಾ, ನುಡಿಯಲ್ಲಿ ಟೈಪಿಂಗ್, ಇವು ಬೇಳೆ ಬೇಯಿಸುವ ಕೆಲಸ. ಡಿಟಿಪಿ ಮಾಡುವವರು ಐ7 ಕೇಳಿಕೊಂಡು ಬಂದರೆ ನಾನಂತೂ ಒಳ್ಳೆಯ ಮಾನಿಟರ್ ತಗೊಳ್ಳಿ ಅಂತೀನಿ. ದಿನವಿಡೀ ನೋಡುವುದು ಅದನ್ನೇ ಅಲ್ವಾ?

ವೇಗದ ವಿಷಯ ಚಿಕ್ಕದು. ಗಿಗಾಹರ್ಟ್ಸ್ ಹೋಲಿಸುವುದಾದರೆ ಒಂದೇ ಸರಣಿಯೊಳಗೆ ಹೋಲಿಸಿ. ಎಎಂಡಿ ಕಂಪನಿಯ ರೈಜೆನ್ 5 7600ರ ಗರಿಷ್ಠ ವೇಗ 5.1, 7600ಎಕ್ಸ್‌ದು 5.3. ವ್ಯತ್ಯಾಸ ಶೇಕಡ 4. ಬಿಡುಗಡೆಯಾದಾಗ ಮೊದಲನೆಯದರ ಬೆಲೆ 229 ಡಾಲರ್, ಎರಡನೆಯದರದ್ದು 299. ಶೇಕಡ 30 ಜಾಸ್ತಿ. ಮೇಲಾಗಿ 7600ರ ಡಬ್ಬದಲ್ಲಿ ಕೂಲರ್ ಬರುತ್ತದೆ, ಎಕ್ಸ್‌ನಲ್ಲಿ ಬರುವುದಿಲ್ಲ. ಸ್ಟಾಪ್‌ವಾಚ್ ಹಿಡಿಯದೆ ಶೇಕಡ 10ರೊಳಗಿನ ವ್ಯತ್ಯಾಸ ನನಗೆ ಯಾವತ್ತೂ ಗೊತ್ತಾಗಿಲ್ಲ. ನಿಮಗೂ ಗೊತ್ತಾಗಲಿಕ್ಕಿಲ್ಲ.

ಕ್ಯಾಶ್ ಮುಖ್ಯವಾಗಿ ಗೇಮಿನವರ ವಿಷಯ. ರೈಜೆನ್ 7 7700ರಲ್ಲಿ ಎಲ್3 ಕ್ಯಾಶ್ 32 ಎಂಬಿ, 7800ಎಕ್ಸ್3ಡಿಯಲ್ಲಿ 96. ಎರಡರಲ್ಲೂ ಕೋರ್ 8. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಆಗಲೇ ಇದ್ದು, ಸಿಮ್ಯುಲೇಶನ್ ಅಥವಾ ಸ್ಟ್ರಾಟಜಿ ಗೇಮ್ ಆಡುವವರಿಗೆ ಈ ಹೆಚ್ಚಿನ ದುಡ್ಡು ಕಣ್ಣಿಗೆ ಕಾಣುವಂತೆ ಕೆಲಸ ಮಾಡುತ್ತದೆ. ವಿಡಿಯೊ ಎಡಿಟಿಂಗ್‌ಗೆ ಅದೇ ದುಡ್ಡು ಬಹುಮಟ್ಟಿಗೆ ದಂಡ.

ಇನ್ನು ನಮ್ಮ ಹುಡುಗನ ಪ್ರಶ್ನೆ. ಅವನ ಕ್ಯಾಮೆರಾ ಬರೆಯುವುದು 10 ಬಿಟ್, 4:2:2 ಬಣ್ಣದ ಎಚ್.265 ವಿಡಿಯೊ. ಎಚ್.265 ಅಂದರೆ ವಿಡಿಯೊವನ್ನು ಕುಗ್ಗಿಸಿಡುವ ಒಂದು ಬಗೆ, 4:2:2 ಅಂದರೆ ಬಣ್ಣದ ವಿವರ ಎಷ್ಟು ಉಳಿಯುತ್ತದೆ ಅನ್ನುವ ಗುರುತು. ಡ್ರೋನ್‌ದು 4:2:0, ಅದರಲ್ಲಿ ಬಣ್ಣದ ವಿವರ ಕಡಿಮೆ. ಇಂಥ ಫೈಲನ್ನು ಬಿಚ್ಚಿ ತೋರಿಸಲು ಚಿಪ್‌ನೊಳಗೆ ಅದಕ್ಕೆಂದೇ ಒಂದು ಪುಟ್ಟ ಭಾಗ ಇರುತ್ತದೆ. ಆ ಭಾಗಕ್ಕೆ ಆ ಬಗೆಯ ಫೈಲ್ ಗೊತ್ತಿದ್ದರೆ ಕೆಲಸ ಹೂವೆತ್ತಿದಂತೆ. ಗೊತ್ತಿಲ್ಲದಿದ್ದರೆ ಎಲ್ಲಾ ಭಾರ ಕೋರ್‌ಗಳ ತಲೆ ಮೇಲೆ. ಇಂಟೆಲ್ 11ನೇ ಪೀಳಿಗೆಯಿಂದ ಈಚಿನ ಒಳಗ್ರಾಫಿಕ್ಸ್‌ಗೆ 4:2:2 ಎಚ್.265 ಗೊತ್ತು. ಅವನ 7ನೇ ಪೀಳಿಗೆಯ ಐ5ಗೆ ಗೊತ್ತಿಲ್ಲ. ಆರ್‌ಟಿಎಕ್ಸ್ 3060ಗೂ ಗೊತ್ತಿಲ್ಲ, ಎನ್‌ವಿಡಿಯಾ ಅದನ್ನು ಕೊಟ್ಟದ್ದು 50ರ ಸರಣಿಯಲ್ಲಿ.

ಈಗ ಕೊಟೇಶನ್ ಮತ್ತೆ ಬಿಡಿಸಿ ನೋಡಿ. ಐ7-14700ಕೆಎಫ್. ಕೊನೆಯ ಎಫ್ ಅಂದರೆ ಒಳಗ್ರಾಫಿಕ್ಸ್ ಇಲ್ಲ ಎಂದರ್ಥ. ಅವನಿಗೆ ಅಗತ್ಯವಾಗಿ ಬೇಕಾದ ಒಂದೇ ಒಂದು ವಸ್ತುವನ್ನು ತೆಗೆದುಹಾಕಿ, 20 ಕೋರ್ ಕೊಡುತ್ತಿದ್ದರು. ಅದಕ್ಕಿಂತ ಅಗ್ಗದ ಐ5-14500ರಲ್ಲಿ 14 ಕೋರ್, ಜೊತೆಗೆ ಒಳಗ್ರಾಫಿಕ್ಸ್. ಅಂಗಡಿಯವರಿಗೆ ಕೆಟ್ಟ ಉದ್ದೇಶ ಇತ್ತು ಅಂತ ನನಗನಿಸುವುದಿಲ್ಲ. ಎಫ್ ಇದ್ದರೆ ಸ್ವಲ್ಪ ಅಗ್ಗ, ಕಾರ್ಡ್ ಹೇಗೂ ಇದೆಯಲ್ಲ ಅಂತ ಸುಮ್ನೆ ಬರೆದಿರುತ್ತಾರೆ.

ಹೆಜ್ಜೆ 4: ಬೆಂಚ್‌ಮಾರ್ಕ್ ಓದುವಾಗ

ಬೆಂಚ್‌ಮಾರ್ಕ್ ಅಂದರೆ ವೇಗ ಅಳೆಯುವ ಪರೀಕ್ಷೆ. ಅದರಲ್ಲಿ ಸರಾಸರಿ ಅಂಕಿ ಬಿಡಿ. ನಿಮ್ಮದೇ ಕೆಲಸದ ಅಂಕಿ ಹುಡುಕಿ. ಸಿನಿಬೆಂಚ್ ಎಂಬ ಪರೀಕ್ಷೆಯ ಮಲ್ಟಿ ಸ್ಕೋರ್ ಹೇಳುವುದು ಎಲ್ಲಾ ಕೋರ್ ಸೇರಿ ರೆಂಡರ್ ಮಾಡಿದರೆ ಎಷ್ಟು ಬೇಗ ಅಂತ. ನೀವು ರೆಂಡರ್ ಮಾಡುವವರಲ್ಲದಿದ್ದರೆ ಅದರ ಸಿಂಗಲ್ ಸ್ಕೋರ್ ನೋಡಿ.

ಗೇಮಿಂಗ್ ಪರೀಕ್ಷೆಗಳಲ್ಲಿ ಗ್ರಾಫಿಕ್ಸ್ ಕಾರ್ಡ್ ಯಾವುದು ಎಂಬುದನ್ನು ಮೊದಲು ನೋಡಿ. ಪ್ರೊಸೆಸರ್ ವ್ಯತ್ಯಾಸ ಎದ್ದು ಕಾಣಲಿ ಎಂದು ಪರೀಕ್ಷಕರು ಆರ್‌ಟಿಎಕ್ಸ್ 4090ರಂಥ ಭಾರಿ ಕಾರ್ಡ್ ಹಾಕಿ 1080ಪಿಯಲ್ಲಿ ಓಡಿಸುತ್ತಾರೆ. ಪರೀಕ್ಷೆಯ ರೀತಿಯಾಗಿ ಅದು ಸರಿ. ಆದರೆ ನಿಮ್ಮ ಹತ್ತಿರ ಮಧ್ಯಮ ದರ್ಜೆಯ ಕಾರ್ಡ್ ಇದ್ದರೆ ಅಲ್ಲಿ ಕಂಡ 40 ಎಫ್‌ಪಿಎಸ್ ವ್ಯತ್ಯಾಸ ನಿಮ್ಮ ಮನೆಯಲ್ಲಿ ಕಾಣದೇ ಹೋಗಬಹುದು. 4ಕೆಯಲ್ಲಿ ಆಡುವವರಿಗೆ ಇನ್ನೂ ಕಡಿಮೆ.

ಹೆಜ್ಜೆ 5: ಪ್ರೊಸೆಸರ್ ಬೆಲೆ ಬಿಡಿ, ಪೂರ್ತಿ ಬಿಲ್ ಬರೆಸಿ

ಕೊಟೇಶನ್ ಎರಡು ಬರೆಸಿ. ಒಂದು ಅಗ್ಗದ ಪ್ರೊಸೆಸರ್‌ಗೆ ಬೇಕಾದ ಎಲ್ಲದರ ಜೊತೆ, ಇನ್ನೊಂದು ದುಬಾರಿಗೆ ಬೇಕಾದ ಎಲ್ಲದರ ಜೊತೆ. ಕೊನೆಯ ಸಾಲಿನಿಂದ ಕೊನೆಯ ಸಾಲು ಕಳೆಯಿರಿ. ಅದೇ ನಿಜವಾದ ವ್ಯತ್ಯಾಸ.

ನಮ್ಮ ಲೆಕ್ಕದಲ್ಲಿ ಪ್ರೊಸೆಸರ್‌ಗಳ ನಡುವೆ ಇದ್ದದ್ದು ಸುಮಾರು 13,000 ರೂಪಾಯಿ. ಆದರೆ 14700ಕೆಎಫ್ ಪೂರ್ತಿ ದುಡಿಯುವಾಗ 253 ವಾಟ್‌ವರೆಗೂ ಎಳೆಯುತ್ತದೆ. ಡಬ್ಬದಲ್ಲಿ ಕೂಲರ್ ಇಲ್ಲ, ದೊಡ್ಡದೊಂದು ಬೇಕು. ಅಷ್ಟು ವಾಟ್ ತಡೆಯುವ ಮದರ್‌ಬೋರ್ಡ್ ಬೇಕು. ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಒದಗಿಸುವ ಭಾಗ) ಕೂಡ ಒಂದು ಮೆಟ್ಟಿಲು ಮೇಲಿನದು. ಕೂಡಿಸಿದರೆ 25,000. ಇದು ಆ ದಿನದ ಬೆಲೆ, ನೀವು ಹೋಗುವ ಹೊತ್ತಿಗೆ ಬದಲಾಗಿರುತ್ತದೆ. ಆದರೆ ಬಾಲ ಹೀಗೆ ಉದ್ದವಾಗುವುದು ಬದಲಾಗುವುದಿಲ್ಲ.

ಕರೆಂಟ್ ಬಿಲ್ ಬಗ್ಗೆ ಜನ ಹೆದರುತ್ತಾರೆ. ಹೆದರಬೇಕಾದಷ್ಟು ಇಲ್ಲ. ಐ5-14500 ಗರಿಷ್ಠ 154 ವಾಟ್, ಅಂದರೆ ಸುಮಾರು 100 ವಾಟ್ ವ್ಯತ್ಯಾಸ. ದಿನಕ್ಕೆ 4 ಗಂಟೆ ಪೂರ್ತಿ ದುಡಿಸಿದರೂ 25 ದಿನಕ್ಕೆ 10 ಯೂನಿಟ್. ತೊಂದರೆ ಇರುವುದು ಯುಪಿಎಸ್‌ನಲ್ಲಿ. ಮನೆಗಳಲ್ಲಿ ಇರುವ 600 ವಿಎ ಯುಪಿಎಸ್ ಕೊಡುವುದು ಸಾಮಾನ್ಯವಾಗಿ 360 ವಾಟ್. ಪ್ರೊಸೆಸರ್ 253, ಮೇಲೆ ಗ್ರಾಫಿಕ್ಸ್ ಕಾರ್ಡ್, ಮಾನಿಟರ್. ಮಳೆಗಾಲದಲ್ಲಿ ಕರೆಂಟ್ ಹೋದ ಕ್ಷಣ ಯುಪಿಎಸ್ ಕೀ ಅಂದು ಮಲಗಿಬಿಡುತ್ತದೆ, ಸೇವ್ ಮಾಡದ ಪ್ರಾಜೆಕ್ಟ್ ಜೊತೆಗೇ ಹೋಗುತ್ತದೆ. ಬಿಸಿಲೂರಿನವರಾದರೆ ಸೆಕೆಯ ಲೆಕ್ಕವೂ ಸೇರಿಸಿ. ರಾಯಚೂರಿನ ಮೇ ತಿಂಗಳಲ್ಲಿ, ಎಸಿ ಇಲ್ಲದ ಕೋಣೆಯಲ್ಲಿ, ಸಣ್ಣ ಕೂಲರ್ ಕೆಳಗೆ ಕೂತ ದುಬಾರಿ ಪ್ರೊಸೆಸರ್ ಬಿಸಿ ತಾಳಲಾರದೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಕೊಟ್ಟ ದುಡ್ಡಿನ ವೇಗ ಚಳಿಗಾಲಕ್ಕೆ ಮಾತ್ರ.

ಶೇಕಡ ಲೆಕ್ಕ ಹಾಕುವಾಗಲೂ ಎಚ್ಚರ. ಪ್ರೊಸೆಸರ್ ಒಂದನ್ನೇ ನೋಡಿದರೆ 22,000ಕ್ಕೂ 35,000ಕ್ಕೂ ಶೇಕಡ 59 ವ್ಯತ್ಯಾಸ. 90,000ದ ಪೂರ್ತಿ ಕಂಪ್ಯೂಟರ್ ಮೇಲೆ 25,000 ಅಂದರೆ ಶೇಕಡ 28. ಹೋಲಿಸಬೇಕಾದ್ದು ಎರಡನೆಯದನ್ನು. ಯಾಕೆಂದರೆ ಪ್ರೊಸೆಸರ್ ಒಂದನ್ನೇ ಮೇಜಿನ ಮೇಲಿಟ್ಟುಕೊಂಡು ಯಾರೂ ಕೆಲಸ ಮಾಡುವುದಿಲ್ಲ. ಇಲ್ಲೇ ಇನ್ನೊಂದು ಮಾತು ಹೇಳಬೇಕು. ನಮ್ಮ ಹುಡುಗ ಮದುವೆ ವಿಡಿಯೊ ಬಿಟ್ಟು ದಿನವಿಡೀ ಪ್ರೊಸೆಸರ್ ಮೇಲೆ ರೆಂಡರ್ ಮಾಡುವವನಾಗಿದ್ದರೆ, ಆ ಶೇಕಡ 28ಕ್ಕೆ ಅದಕ್ಕಿಂತ ಹೆಚ್ಚಿನ ವೇಗ ಸಿಗುತ್ತಿತ್ತು. ಆಗ ನಾನೇ ಐ7 ಹಾಕಿಸು ಅನ್ನುತ್ತಿದ್ದೆ. ಕೊಟೇಶನ್ ಅದೇ, ಕೆಲಸ ಬೇರೆಯಾದರೆ ಉತ್ತರವೂ ಬೇರೆ.

ಹೆಜ್ಜೆ 6: ಗಂಟೆಗೆ ಎಷ್ಟು ಬಿತ್ತು?

ಮೊದಲ ಹೆಜ್ಜೆಯ ಹಾಳೆ ಮತ್ತೆ ತೆಗೆಯಿರಿ. ಪ್ರೊಸೆಸರ್‌ನಿಂದ ದಿನಕ್ಕೆ 10 ನಿಮಿಷ ಉಳಿಯುತ್ತದೆ ಅಂದುಕೊಳ್ಳಿ. ತಿಂಗಳಿಗೆ 25 ದಿನದಂತೆ ಮೂರು ವರ್ಷಕ್ಕೆ 150 ಗಂಟೆ. 25,000ವನ್ನು 150ರಿಂದ ಭಾಗಿಸಿದರೆ ಗಂಟೆಗೆ 167 ರೂಪಾಯಿ. ನಿಮ್ಮ ಒಂದು ಗಂಟೆಯ ದುಡಿಮೆ ಅದಕ್ಕಿಂತ ಹೆಚ್ಚಿದ್ದರೆ ಕಣ್ಣು ಮುಚ್ಚಿ ಕೊಳ್ಳಿ. ಆದರೆ ಉಳಿದದ್ದು ನೀವು ನಿಜವಾಗಿ ಕಾಯುತ್ತಿದ್ದ ನಿಮಿಷಗಳಾಗಿರಬೇಕು. ಊಟಕ್ಕೆ ಹೋದಾಗ, ಮಲಗಿದಾಗ ಉಳಿದ ನಿಮಿಷಕ್ಕೆ ಸೊನ್ನೆ ಹಾಕಿ.

ಅದೇ ದುಡ್ಡು ಬೇರೆ ಕಡೆ ಏನು ಮಾಡೀತು ಎಂಬುದನ್ನೂ ಕೇಳಿಕೊಳ್ಳಿ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. 16 ಜಿಬಿಯಲ್ಲಿ ಒದ್ದಾಡುತ್ತಿರುವವರು ಪ್ರೊಸೆಸರ್ ಒಂದು ಮೆಟ್ಟಿಲು ಇಳಿಸಿ 32 ಜಿಬಿ ಹಾಕಿಸುವುದು ಬಹಳ ಸಲ ಜಾಣತನ. ಡಿಡಿಆರ್4 ರ‍್ಯಾಮ್ ಮತ್ತು ಎಎಂಡಿ ಪ್ರೊಸೆಸರ್‌ಗಳ ಹಳೆಯ ಬಗೆಯ ಎಎಂ4 ಬೋರ್ಡ್ ಇಟ್ಟುಕೊಂಡವರು ಅವನ್ನು ಹಾಗೇ ಬಿಟ್ಟು ಪ್ರೊಸೆಸರ್ ಮಾತ್ರ ರೈಜೆನ್ 5 5600 ಅಥವಾ 7 5700ಎಕ್ಸ್‌ಗೆ ಏರಿಸಬಹುದು. ಅದರ ಮುಂದಿನ ಎಎಂ5ಗೆ ಹೋದರೆ ಡಿಡಿಆರ್5 ಕಡ್ಡಾಯ.

'ಎರಡು ವರ್ಷಕ್ಕೆ ಸ್ಲೋ ಆಗುತ್ತೆ' ಅನ್ನುವ ಮಾತಿಗೆ

ಪ್ರೊಸೆಸರ್‌ಗೆ ವಯಸ್ಸಾಗಿ ನಿಧಾನವಾಗುವುದಿಲ್ಲ. ಕೆಲಸ ಭಾರವಾಗುತ್ತದೆ, ಇಲ್ಲವೇ ಹೊಸ ಬಗೆಯ ಕೆಲಸ ಬರುತ್ತದೆ. ಅವನ ಐ5-7400 ಹೊಸ ಕ್ಯಾಮೆರಾ ಬರುವವರೆಗೆ ಚೆನ್ನಾಗಿಯೇ ಇತ್ತು. ಅದೇ ಪೀಳಿಗೆಯ ನಾಲ್ಕು ಕೋರಿನ ಐ7ಗೂ ಈ 4:2:2 ಗೊತ್ತಿಲ್ಲ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ನಿಂತಾಗ 7ನೇ ಪೀಳಿಗೆಯ ಐ5ಗೂ ಐ7ಗೂ ಒಂದೇ ಗತಿಯಾಯಿತು. ವಿಂಡೋಸ್ 11ರ ಪಟ್ಟಿ ಇಂಟೆಲ್‌ನಲ್ಲಿ ಬಹುಪಾಲು 8ನೇ ಪೀಳಿಗೆಯಿಂದಲೇ ಶುರು. 'ಮುಂದಕ್ಕೆ ಬೇಕಾಗುತ್ತೆ' ಎಂದು ಅಂದು ಕೊಟ್ಟ ಹೆಚ್ಚಿನ ದುಡ್ಡು ಮುಂದಕ್ಕೆ ಬರಲೇ ಇಲ್ಲ.

ಮುಂದಿನ ಯೋಚನೆ ಇದ್ದರೆ ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ನೋಡಿ. ಎಎಂ5ಗೆ 2027 ಮತ್ತು ಅದರಾಚೆಗೂ ಬೆಂಬಲ ಇರುತ್ತದೆ ಎಂದು ಎಎಂಡಿ ಹೇಳಿದೆ. ಅಲ್ಲಿ ಈಗ ಸಾಧಾರಣ ಪ್ರೊಸೆಸರ್ ಹಾಕಿ, ಮೂರು ವರ್ಷ ಬಿಟ್ಟು ಅದೇ ಬೋರ್ಡಿಗೆ ಒಳ್ಳೆಯದನ್ನು ಕೂರಿಸಬಹುದು. ಇಂಟೆಲ್‌ನ 12, 13, 14ನೇ ಪೀಳಿಗೆಯ ಎಲ್‌ಜಿಎ 1700 ಸಾಕೆಟ್‌ಗೆ ಆ ಸೌಲಭ್ಯ ಇಲ್ಲ. 2024ರ ಕೋರ್ ಅಲ್ಟ್ರಾ 200ಎಸ್ ಬೇರೆ ಸಾಕೆಟ್‌ಗೆ ಹೋಯಿತು. ನಮ್ಮ ಹುಡುಗನಿಗೆ ಇದನ್ನೂ ಹೇಳಿದೆ. "ಪರವಾಗಿಲ್ಲ ಮಾಮ, ನಾನು ಬಿಚ್ಚಿ ಬದಲಾಯಿಸೋನಲ್ಲ" ಎಂದ. ಅದೂ ಸರಿಯೇ.

ಲ್ಯಾಪ್‌ಟಾಪ್ ಕೊಳ್ಳುವವರಿಗೆ

ಇಲ್ಲಿ ಐ5, ಐ7 ಅನ್ನುವುದಕ್ಕೆ ಇನ್ನೂ ಕಡಿಮೆ ಬೆಲೆ ಕೊಡಿ. ಕೊನೆಯ ಅಕ್ಷರ ನೋಡಿ. ಐ7-1355ಯುನಲ್ಲಿ ದೊಡ್ಡ ಕೋರ್ ಎರಡೇ, ಚಿಕ್ಕವು ಎಂಟು. ಐ5-13500ಎಚ್‌ನಲ್ಲಿ ದೊಡ್ಡವು ನಾಲ್ಕು, ಚಿಕ್ಕವು ಎಂಟು. ಭಾರದ ಕೆಲಸಕ್ಕೆ ಆ ಐ5 ಈ ಐ7ಗಿಂತ ಮುಂದೆ. ಐ5-1335ಯು ಮತ್ತು ಐ7-1355ಯು ನಡುವೆಯಂತೂ ಕೋರ್ ಲೆಕ್ಕ ಒಂದೇ. ವೇಗ 4.6 ಇದ್ದದ್ದು 5.0 ಆಗುತ್ತದೆ, ಒಳಗ್ರಾಫಿಕ್ಸ್ ಕೊಂಚ ದೊಡ್ಡದು. ಅದಕ್ಕೆ ಹತ್ತು ಸಾವಿರ ಕೇಳಿದರೆ ನಾನಾದರೆ ಕೊಡುವುದಿಲ್ಲ.

ಎಎಂಡಿಯ 7000 ಸರಣಿಯ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಮೂರನೇ ಅಂಕಿ ನೋಡಿ. 7520ಯುನಲ್ಲಿರುವ 2 ಅಂದರೆ ಜೆನ್ 2, 2019ರ ವಿನ್ಯಾಸ. 7530ಯುನ 3 ಅಂದರೆ ಜೆನ್ 3. ಎರಡರ ಮೇಲೂ ರೈಜೆನ್ 5 ಅಂತಲೇ ಬರೆದಿರುತ್ತದೆ. ಮೊದಲನೆಯದರಲ್ಲಿ 4 ಕೋರ್, ಎರಡನೆಯದರಲ್ಲಿ 6. ಇಲ್ಲಿ ಮಾತ್ರ ಎರಡು ಮೂರು ಸಾವಿರ ಹೆಚ್ಚು ಕೊಟ್ಟು ಎರಡನೆಯದನ್ನೇ ತಗೊಳ್ಳಿ, ಲ್ಯಾಪ್‌ಟಾಪ್‌ನಲ್ಲಿ ಆಮೇಲೆ ಬದಲಾಯಿಸಲು ಆಗುವುದಿಲ್ಲ.

ಕೊನೆಗೆ, ಅಂಗಡಿಯಲ್ಲಿ ಮತ್ತು ಮನೆಗೆ ತಂದ ಮೇಲೆ

ಬಾಕ್ಸ್ ಪೀಸ್ ಕೇಳಿ. ನನಗೊಮ್ಮೆ ಒಂದು ಅಂಗಡಿಯಲ್ಲಿ ಬಾಕ್ಸ್ ಬೆಲೆಗೆ ಟ್ರೇ ಪ್ರೊಸೆಸರ್ (ಡಬ್ಬವಿಲ್ಲದೆ ಬಿಡಿಯಾಗಿ ಬರುವುದು) ಹಾಕಿ ಕೊಟ್ಟಿದ್ದರು. ಗೊತ್ತಾದದ್ದು ಎಂಟು ತಿಂಗಳ ಮೇಲೆ, ವಾರಂಟಿ ಕೇಳಲು ಹೋದಾಗ. ಬಾಕ್ಸ್ ಆದರೆ ಇಂಟೆಲ್, ಎಎಂಡಿ ಎರಡಕ್ಕೂ ಮೂರು ವರ್ಷ ಕಂಪನಿಯದೇ ವಾರಂಟಿ. ಡಬ್ಬವನ್ನು ನಿಮ್ಮೆದುರೇ ಒಡೆಯಲಿ, ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರಲಿ. ಇಂಟೆಲ್‌ನ 13, 14ನೇ ಪೀಳಿಗೆ ಕೊಂಡರೆ ಬಯಾಸ್ (ಮದರ್‌ಬೋರ್ಡಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿಸಿಕೊಂಡೇ ಬನ್ನಿ. ಆ ಪೀಳಿಗೆಯ ದುಬಾರಿ ಮಾದರಿಗಳಲ್ಲಿ ವೋಲ್ಟೇಜ್ ತೊಂದರೆ ಕಂಡು, 2024ರಲ್ಲಿ ಇಂಟೆಲ್ ಅದಕ್ಕೆ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ಸಾಫ್ಟ್‌ವೇರ್) ತಿದ್ದುಪಡಿ ಬಿಟ್ಟು ಅವಕ್ಕೆ ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತ್ತು.

ಮನೆಗೆ ತಂದ ದಿನವೇ ಸಿನಿಬೆಂಚ್ ಹತ್ತು ನಿಮಿಷ ಓಡಿಸಿ, ಬಿಸಿ ಎಷ್ಟಕ್ಕೆ ಏರುತ್ತದೆ ನೋಡಿ. ಆಮೇಲೆ ನಿಮ್ಮ ಹಳೆಯ ಹಾಳೆಯಲ್ಲಿದ್ದ ಅದೇ ಕೆಲಸ, ಅದೇ ಫೈಲ್ ಇಟ್ಟುಕೊಂಡು ಮತ್ತೆ ಸ್ಟಾಪ್‌ವಾಚ್ ಒತ್ತಿ.

ನಮ್ಮ ಹುಡುಗ ಐ5-14500 ಹಾಕಿಸಿದ. ಉಳಿದ ದುಡ್ಡಲ್ಲಿ ಎಡಿಟಿಂಗ್‌ಗೆಂದೇ ಒಂದು 2 ಟಿಬಿ ಎಸ್‌ಎಸ್‌ಡಿ ಬಂತು. ಅದೇ ರಾತ್ರಿ ಹತ್ತೂವರೆಗೆ ಫೋನ್. "ಮಾಮ, ಇನ್ನೂ ಜಗ್ತಾ ಇದೆ!" ನನಗೂ ಎದೆ ಧಸಕ್ಕೆಂದಿತು. ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು ಎಷ್ಟು ಕಾಣ್ತಿದೆ ಎಂದೆ. ಒಂದೇ, 3060 ಮಾತ್ರ. ಕಾರ್ಡ್ ಹಾಕಿದರೆ ಕೆಲವು ಬೋರ್ಡ್‌ಗಳು ಒಳಗ್ರಾಫಿಕ್ಸನ್ನು ತಾವೇ ಆಫ್ ಮಾಡಿಬಿಡುತ್ತವೆ. ಬಯಾಸ್‌ಗೆ ಹೋಗಿ ಆನ್ ಮಾಡಿಸಿದೆ, ಇಂಟೆಲ್ ಡ್ರೈವರ್ ಹಾಕಿಸಿದೆ. ಹನ್ನೊಂದೂಕಾಲಿಗೆ ಹಾಳೆಯ ಫೋಟೊ ಮತ್ತೆ ಬಂತು. 'ದಿನವಿಡೀ, ತಲೆ ಕೆಡುತ್ತೆ' ಎಂದಿದ್ದ ಸಾಲಿಗೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ 'ಬೆಣ್ಣೆ' ಎಂದು ಬರೆದಿದ್ದ.